ಉದ್ರಿ ಪುಸ್ತಕ ಮತ್ತು ಪಠ್ಯಪುಸ್ತಕ

ಹುಬ್ಬಳ್ಳಿಯ ದೇಶಪಾಂಡೆ ನಗರ ಹೆಸರಾದದ್ದು ಸಂಗೀತಕ್ಕೆ. ಸವಾಯಿ ಗಂಧರ್ವರ ಹೆಸರಿನ ಸಭಾಭವನ ಇರುವುದು ಇಲ್ಲೇ, ಗಂಗೂಬಾಯಿ ಹಾನಗಲ್ಲರು ಬಾಳಿದ ಮನೆ ಇರುವುದೂ ಇಲ್ಲೇ. ಆದರೆ ನಾವು ಆ ದಿನ ಅತ್ತ ಹೋದದ್ದು ಶಾಲೆಯೊಂದರ ಅಂಗಳದಲ್ಲಿ ನಡೆದಿದ್ದ ‘ಮಕ್ಕಳ ಸಂತೆ’ ನೋಡುವುದಕ್ಕೆ. ಗೋಣಿತಾಟು ಹಾಸಿಕೊಂಡು ಕುಳಿತ ಹುಡುಗರ ಮುಂದೆ ಮೆಂತ್ಯದ ಸೂಡು, ನಿಂಬೆಹಣ್ಣು, ಶೇಂಗಾ. ಒಬ್ಬ ಗಿರ್ಮಿಟ್ ಕಲಸುತ್ತಿದ್ದ, ಅವನ ಹತ್ತಿರವೇ ಹೆಚ್ಚು ಗದ್ದಲ. ತೂಕ, ಅಳತೆ, ಚಿಲ್ಲರೆ ಲೆಕ್ಕ, ಲಾಭ-ನಷ್ಟ ಎಲ್ಲವನ್ನೂ ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಎಂಬುದು ಈ ಸಂತೆಗಳ ಉದ್ದೇಶ. ನಮ್ಮ ಸರಕಾರಿ ಶಾಲೆಗಳಲ್ಲಿ ‘ಮೆಟ್ರಿಕ್ ಮೇಳ’ದ ಹೆಸರಿನಲ್ಲಿ ಇದು ವರ್ಷಗಳಿಂದ ನಡೆದು ಬಂದಿದೆ. ಒಳ್ಳೆಯ ಕೆಲಸವೇ.

ಮೊಮ್ಮಗನ ಜೊತೆ ಬಂದಿದ್ದ ಅಜ್ಜಿಯೊಬ್ಬರು ಮೆಂತ್ಯದ ಸೂಡು ಎತ್ತಿಕೊಂಡರು. ಬೆಲೆ ಹತ್ತು ರೂಪಾಯಿ, ಸೆರಗಿನ ಗಂಟಿನಲ್ಲಿ ಇದ್ದದ್ದು ಐದು. “ಐದು ಈಗ ತಗೋಳವಾ, ಉಳದ ಐದು ನಾಳಿ ಕೊಡ್ತೇನಿ, ಬರಕೋ” ಎಂದರು. ಆರನೇ ಇಯತ್ತೆಯ ಆ ಹುಡುಗಿ ಪೆನ್ನು ಕೈಗೆತ್ತಿಕೊಂಡೇ ಬಿಟ್ಟಿದ್ದಳು. ಅಷ್ಟರಲ್ಲಿ ಅಕ್ಕೋರು ಬಂದು, “ಅಜ್ಜೀ, ಇದು ಮಕ್ಕಳ ಸಂತಿ ಐತ್ರಿ. ಇಲ್ಲಿ ಉದ್ರಿ ಇಲ್ರಿ” ಎಂದು ನಕ್ಕು, ತಮ್ಮ ಪರ್ಸಿನಿಂದ ಐದು ರೂಪಾಯಿ ತುಂಬಿದರು. ಸಂತೆಯ ಬಾಗಿಲಲ್ಲಿ ಮಕ್ಕಳೇ ರಟ್ಟಿನ ಮೇಲೆ ಬರೆದು ತೂಗುಹಾಕಿದ ಬೋರ್ಡು ಇತ್ತು: ಇಂದು ನಗದು, ನಾಳೆ ಉದ್ರಿ.

ಆ ಅಕ್ಕೋರ ಮನಸ್ಸು ದೊಡ್ಡದು, ಅದರ ಬಗ್ಗೆ ನಮ್ಮ ತಕರಾರಿಲ್ಲ. ನಮ್ಮನ್ನು ಕಾಡಿದ್ದು ಬೇರೆ. ಆ ಸಂತೆಯಲ್ಲಿ ನಿಜವಾದ ಸಂತೆಯನ್ನು ಹೋಲುವ ಒಂದೇ ಒಂದು ವ್ಯವಹಾರ ನಡೆಯುವುದರಲ್ಲಿತ್ತು, ಅದನ್ನು ತಡೆದುಬಿಟ್ಟರು. ದುರ್ಗದ ಬೈಲಿನ ಸಣ್ಣ ವ್ಯಾಪಾರಿಯಿಂದ ಹಿಡಿದು ಓಣಿಯ ಕಿರಾಣಿ ಅಂಗಡಿಯ ತನಕ ಈ ಊರು ನಡೆಯುತ್ತಿರುವುದೇ ಉದ್ರಿಯ ಮೇಲೆ. “ಅವ್ವ ಬರಕೊಳ್ಳಾಕ ಹೇಳ್ಯಾಳ” ಎಂದು ಅಂಗಡಿಯ ಮುಂದೆ ನಿಂತ ಹತ್ತು ವರ್ಷದ ಹುಡುಗ ಆಗಲೇ ಒಂದು ಸಾಲದ ವ್ಯವಹಾರದಲ್ಲಿ ಪಾಲುಗಾರ. ಅವನಿಗೆ ಅದರ ಪಾಠ ಹೇಳುವವರು ಯಾರು? ನಾವು ಒಂದಿಷ್ಟು ಪುಸ್ತಕಗಳನ್ನು ಮುಂದಿಟ್ಟುಕೊಂಡು ಹುಡುಕಿದೆವು.

ಮೊದಲು ನಮ್ಮ ರಾಜ್ಯದ ಹತ್ತನೇ ತರಗತಿಯ ಸಮಾಜ ವಿಜ್ಞಾನ. ಅದರ ವ್ಯವಹಾರ ಅಧ್ಯಯನ ಭಾಗದಲ್ಲಿ ಓದಿಸುತ್ತ ಬಂದಿರುವ ‘ಬ್ಯಾಂಕ್ ವ್ಯವಹಾರಗಳು’ ಎಂಬ ಪಾಠವಿದೆ. ಬ್ಯಾಂಕು ಎಂಬ ಪದ ಎಲ್ಲಿಂದ ಬಂತು, ಬ್ಯಾಂಕುಗಳ ವಿಧಗಳು ಎಷ್ಟು, ಉಳಿತಾಯ ಖಾತೆ, ಚಾಲ್ತಿ ಖಾತೆ, ಆವರ್ತ ಠೇವಣಿ, ನಿಶ್ಚಿತ ಠೇವಣಿ. ಪರೀಕ್ಷೆಗೆ ಅನುಕೂಲವಾದ ಪಾಠ, ಪಟ್ಟಿ ಮಾಡಿ ಬರೆದರೆ ಅಂಕ ಬರುತ್ತವೆ. ಸಾಲ ಎಂಬುದು ಅಲ್ಲಿ ಬರುವುದು ಬ್ಯಾಂಕಿನ ಕಾರ್ಯಗಳ ಪಟ್ಟಿಯಲ್ಲಿ. ಅಂದರೆ ಸಾಲ ಬ್ಯಾಂಕು ಮಾಡುವ ಕೆಲಸ, ಮನುಷ್ಯರು ಹೊರುವ ಭಾರ ಅಲ್ಲ. ಇಡೀ ಪಾಠದಲ್ಲಿ ಒಬ್ಬ ಸಾಲಗಾರನ ಮುಖವೂ ನಮಗೆ ಕಾಣಲಿಲ್ಲ.

ಇದೇ ದೇಶಪಾಂಡೆ ನಗರದ ಮಕ್ಕಳಲ್ಲಿ ಹಲವರು ಕೇಂದ್ರ ಪಠ್ಯಕ್ರಮದ ಶಾಲೆಗಳಿಗೆ ಹೋಗುತ್ತಾರೆ. ಅವರಿಗೆ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ಅರ್ಥಶಾಸ್ತ್ರದಲ್ಲಿ ‘ಹಣ ಮತ್ತು ಸಾಲ’ ಎಂಬ ಅಧ್ಯಾಯ. 2000ದ ದಶಕದ ನಡುವೆ ಬಂದು ಸುಮಾರು ಎರಡು ದಶಕ ದೇಶದಾದ್ಯಂತ ಓದಿಸಿದ ಪುಸ್ತಕ ಅದು. ನಮ್ಮ ಪ್ರಕಾರ ಭಾರತದ ಶಾಲಾ ಪುಸ್ತಕಗಳಲ್ಲಿ ಸಾಲದ ಬಗ್ಗೆ ಬಂದ ಅತ್ಯಂತ ಪ್ರಾಮಾಣಿಕ ಬರಹಗಳಲ್ಲಿ ಇದೂ ಒಂದು. ಅಲ್ಲಿ ಸಲೀಂ ಎಂಬ ಚಪ್ಪಲಿ ತಯಾರಕನಿದ್ದಾನೆ. ಹಬ್ಬದ ಮುಂಚೆ ಅವನಿಗೆ 3,000 ಜೊತೆ ಬೂಟುಗಳ ಆರ್ಡರು ಬರುತ್ತದೆ. ಚರ್ಮದ ವ್ಯಾಪಾರಿಯಿಂದ ಉದ್ರಿಯಲ್ಲಿ ಚರ್ಮ ತರುತ್ತಾನೆ, ಆರ್ಡರು ಕೊಟ್ಟವನಿಂದ 1,000 ಜೊತೆಯ ಹಣ ಮುಂಗಡ ಪಡೆಯುತ್ತಾನೆ, ಮಾಲು ಒಪ್ಪಿಸಿ ಲಾಭ ಮಾಡಿ ಸಾಲ ತೀರಿಸುತ್ತಾನೆ. ಅವನ ಪಕ್ಕದಲ್ಲೇ ಸ್ವಪ್ನಾ ಎಂಬ ರೈತ ಹೆಣ್ಣುಮಗಳು. ಮೂರು ಎಕರೆಯಲ್ಲಿ ಶೇಂಗಾ. ಸಾಹುಕಾರನ ಸಾಲ, ಕೀಟದ ಹಾವಳಿ, ಬೆಳೆ ನಾಶ. ಮರುವರ್ಷ ಬೆಳೆ ಬಂದರೂ ಹಳೆಯ ಸಾಲ ಹರಿಯುವುದಿಲ್ಲ, ಕೊನೆಗೆ ಹೊಲದ ಒಂದು ಭಾಗ ಮಾರುತ್ತಾಳೆ. ಮುಂದೆ ಶ್ಯಾಮಲ್ ಎಂಬ ಸಣ್ಣ ರೈತ ಬರುತ್ತಾನೆ, ತಿಂಗಳಿಗೆ ನೂರಕ್ಕೆ ಐದರ ಬಡ್ಡಿ ಕೊಡುತ್ತಿದ್ದವನು.

ಈ ಅಧ್ಯಾಯದ ಹೆಚ್ಚುಗಾರಿಕೆ ಏನೆಂದರೆ ಅದು ಸಾಲಗಾರನಿಗೆ ಬುದ್ಧಿ ಹೇಳುವುದಿಲ್ಲ. ಸ್ವಪ್ನಾ ದುಂದು ಮಾಡಿದವಳಲ್ಲ. ಸಲೀಮನ ಸಾಲ ಅವನನ್ನು ಎತ್ತಿತು, ಸ್ವಪ್ನಾಳ ಸಾಲ ಅವಳನ್ನು ಕೆಡವಿತು. ಅಪಾಯ ಬಂದಾಗ ಆಸರೆ ಇತ್ತೋ ಇಲ್ಲವೋ, ವ್ಯತ್ಯಾಸ ಅಲ್ಲಿದೆ. ಮುಸ್ಲಿಂ ಹೆಸರಿನ ಒಬ್ಬ ಕಸುಬುದಾರ ಶಾಲಾ ಪುಸ್ತಕದಲ್ಲಿ ಹಬ್ಬದ ಪಾತ್ರವಾಗಿ ಬಾರದೆ ಲೆಕ್ಕ ಬಲ್ಲ ಮನುಷ್ಯನಾಗಿ ಬಂದದ್ದನ್ನೂ ನಾವು ಗಮನಿಸದೆ ಇರಲಾರೆವು. ಕೊರತೆಯೂ ಇದೆ. ಸಲೀಮನ ಮನೆಯಲ್ಲಿ, ಸ್ವಪ್ನಾಳ ಮನೆಯಲ್ಲಿ ಮಕ್ಕಳು ಇದ್ದರೇನು? ಇದ್ದರೆ ಏನು ನೋಡಿದರು? ಅವರು ಆ ಕಥೆಯಲ್ಲಿ ಮಾತಾಡುವುದಿಲ್ಲ. ಹದಿನೈದರ ಓದುಗನಿಗೆ ಸಾಲ ಯಾರೋ ದೊಡ್ಡವರ ಸಂಗತಿಯಾಗಿಯೇ ಉಳಿಯುತ್ತದೆ. ಅದಕ್ಕಿಂತ ದೊಡ್ಡ ವಿಪರ್ಯಾಸ: ಮನೆಬಾಗಿಲಿಗೆ ಫೈನಾನ್ಸ್‌ನವರು ಬರುವುದು ಹೆಚ್ಚಾಗಿ ಕನ್ನಡ ಮತ್ತು ಉರ್ದು ಮಾಧ್ಯಮದ ಸರಕಾರಿ ಶಾಲೆಯ ಮಕ್ಕಳ ಮನೆಗಳಿಗೆ, ಶ್ಯಾಮಲನ ಕಥೆ ಓದುವುದು ಮಾತ್ರ ಬೇರೆ ಮಕ್ಕಳು.

ರಿಸರ್ವ್ ಬ್ಯಾಂಕು ಮಕ್ಕಳಿಗೆಂದೇ ಚಿತ್ರಕಥೆಗಳನ್ನು ತಂದಿದೆ, ಕನ್ನಡದಲ್ಲೂ ತಂದಿದೆ. 2007ರಲ್ಲಿ ಆರ್ಥಿಕ ಸಾಕ್ಷರತೆಯ ಕಾರ್ಯಕ್ರಮದಡಿ ಬಂದ ‘ರಾಜು ಮತ್ತು ಹಣದ ಮರ’ ಬ್ಯಾಂಕಿನ ಪ್ರಾಥಮಿಕ ಪರಿಚಯಕ್ಕಾಗಿ. 2022ರಲ್ಲಿ ಓಂಬುಡ್ಸ್‌ಮನ್ ಕಚೇರಿಯಿಂದ ಇನ್ನೊಂದು ಪುಸ್ತಕ ಬಂತು, ‘ರಾಜು ಮತ್ತು ನಲವತ್ತು ಕಳ್ಳರು’. ಒಟಿಪಿ ಕೇಳುವವರು, ನಕಲಿ ಲಿಂಕು ಕಳಿಸುವವರು ಇತ್ಯಾದಿ ನಲವತ್ತು ಬಗೆಯ ಮೋಸಗಳ ವಿವರ. ಹದಿನೈದು ವರ್ಷಗಳಲ್ಲಿ ರಾಜು ಎಂಬ ಹೆಸರು ಹಣದ ಮರದಿಂದ ನಲವತ್ತು ಕಳ್ಳರ ನಡುವೆ ಬಂದು ನಿಂತಿತು. ದೇಶದ ಹಣಕಾಸಿನ ಕಥೆಯನ್ನೇ ಈ ಎರಡು ಶೀರ್ಷಿಕೆಗಳು ಹೇಳಿದಂತಿವೆ! ಇವೆರಡರ ನಡುವೆ ಒಂದು ಪುಸ್ತಕ ಬಿಟ್ಟುಹೋಗಿದೆ. ಮರವೂ ಇಲ್ಲದ, ಕಳ್ಳನೂ ಅಲ್ಲದ, ಸಹಿ ಹಾಕಿ ಒಪ್ಪಿ ಪಡೆದ ಸಾಲದ ಕಥೆ ಅದು.

ಬಿಟ್ಟುಹೋದದ್ದು ಆಕಸ್ಮಿಕವೂ ಅಲ್ಲವೇನೋ. ರಿಸರ್ವ್ ಬ್ಯಾಂಕು 2017ರಿಂದ ಆರ್ಥಿಕ ಸಾಕ್ಷರತಾ ಸಪ್ತಾಹ ನಡೆಸುತ್ತಿದೆ. 2021ರ ಫೆಬ್ರವರಿಯ ವಿಷಯ ಸಾಲದ ಶಿಸ್ತು ಮತ್ತು ಅಧಿಕೃತ ಸಂಸ್ಥೆಗಳಿಂದ ಸಾಲ. 2024ರ ಸಪ್ತಾಹ ವಿದ್ಯಾರ್ಥಿಗಳನ್ನೂ ಯುವಕರನ್ನೂ ಕುರಿತದ್ದು. ಅದರ ಉಪವಿಷಯಗಳು ಮೂರು: ಉಳಿತಾಯ ಮತ್ತು ಚಕ್ರಬಡ್ಡಿಯ ಬಲ, ವಿದ್ಯಾರ್ಥಿಗಳಿಗೆ ಬ್ಯಾಂಕಿಂಗ್, ಡಿಜಿಟಲ್ ಎಚ್ಚರಿಕೆ. ಸಾಲ ಆ ಪಟ್ಟಿಯಲ್ಲಿಲ್ಲ. ಚಕ್ರಬಡ್ಡಿಯನ್ನು ಮಗುವಿಗೆ ‘ನಿನ್ನ ದುಡ್ಡು ಹೀಗೆ ಬೆಳೆಯುತ್ತದೆ’ ಎಂದು ಹೇಳಿದರು. ‘ನಿನ್ನ ಅಪ್ಪನ ಸಾಲವೂ ಹೀಗೇ ಬೆಳೆಯುತ್ತದೆ’ ಎಂದು ಹೇಳುವುದು ಉಳಿಯಿತು.

ಕಾನೂನು ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಅಪ್ರಾಪ್ತರು ಸಾಲ ಮಾಡುವಂತೆಯೇ ಇಲ್ಲವಲ್ಲ, ಅವರಿಗೇಕೆ ಈ ಪಾಠ? ನಿಜ. ಕಲ್ಕತ್ತೆಯ ಧರ್ಮೋದಾಸ್ ಘೋಷ್ ಎಂಬ ಹುಡುಗ ವಯಸ್ಸು ತುಂಬುವ ಮೊದಲೇ ಲೇವಾದೇವಿಗಾರನಿಗೆ ಮನೆ ಅಡವು ಬರೆದುಕೊಟ್ಟ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿತು, ಅಪ್ರಾಪ್ತನ ಒಪ್ಪಂದ ಮೊದಲಿನಿಂದಲೇ ಅಸಿಂಧು ಎಂದು. ಮೋಹೊರಿ ಬೀಬಿ ಪ್ರಕರಣ ಎಂದೇ ಅದು ಕಾನೂನು ಕಾಲೇಜುಗಳಲ್ಲಿ ಹೆಸರುವಾಸಿ. ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ ಹತ್ತು ವರ್ಷ ದಾಟಿದ ಮಕ್ಕಳು ಸ್ವತಃ ಖಾತೆ ನಡೆಸಲು ಬ್ಯಾಂಕುಗಳು ಬಿಡಬಹುದೆಂದು ಹೇಳಿದಾಗಲೂ, ಆ ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೆಗೆಯಲು ಬಿಡಬಾರದೆಂದು ಕಟ್ಟು ಹಾಕಿತು. ಮಗುವನ್ನು ಸಾಲದಿಂದ ಕಾಯಬೇಕು, ಒಪ್ಪಿದೆವು. ಸಾಲದ ತಿಳಿವಳಿಕೆಯಿಂದಲೂ ಕಾಯಬೇಕೆಂದು ಯಾವ ಕಾನೂನೂ ಹೇಳಿಲ್ಲ. ಹದಿನೆಂಟು ತುಂಬಿದ ಮರುದಿನ ಆ ಹುಡುಗನ ಮೊಬೈಲಿಗೆ ಸಾಲದ ಆ್ಯಪು ತಾನಾಗಿ ಬರುತ್ತದೆ. ರಿಸರ್ವ್ ಬ್ಯಾಂಕಿನ ಕಾರ್ಯಗುಂಪು 2021ರ ಆರಂಭದ ಎರಡು ತಿಂಗಳಲ್ಲಿ ಎಣಿಸಿದಾಗ ಸುಮಾರು 1,100 ಸಾಲದ ಆ್ಯಪುಗಳು ಸಿಕ್ಕಿದ್ದವು, ಅವುಗಳಲ್ಲಿ 600ರಷ್ಟು ಅಕ್ರಮ.

ಅವನ ಕೈಯಲ್ಲಿರುವ ಅಸ್ತ್ರ ಏನು? ಪ್ರಾಥಮಿಕ ಶಾಲೆಯಲ್ಲಿ ಕಲಿತ ಸರಳ ಬಡ್ಡಿಯ ಸೂತ್ರ. ಆ ಸೂತ್ರವೇ ಅವನನ್ನು ಮೋಸಗೊಳಿಸುವ ಬಗೆಯನ್ನು ನೋಡಿ. ಅಂಗಡಿಯವನು 12,000 ರೂಪಾಯಿಯ ಮೊಬೈಲನ್ನು ಕಂತಿನಲ್ಲಿ ಕೊಡುತ್ತಾನೆ. ವರ್ಷಕ್ಕೆ ಶೇ. 12 ಬಡ್ಡಿ, ಹನ್ನೆರಡು ಕಂತು. ಹುಡುಗ ಲೆಕ್ಕ ಹಾಕುತ್ತಾನೆ: ಬಡ್ಡಿ 1,440, ಒಟ್ಟು 13,440, ತಿಂಗಳಿಗೆ 1,120. ತಾಳೆಯಾಯಿತು, ಮೋಸವಿಲ್ಲ ಎಂದು ಸಹಿ ಹಾಕುತ್ತಾನೆ. ಆದರೆ ಸೂತ್ರ ಹೇಳುವುದು ವರ್ಷಪೂರ್ತಿ 12,000 ರೂಪಾಯಿ ಅವನ ಕೈಯಲ್ಲೇ ಇದ್ದರೆ ಎಂಬ ಲೆಕ್ಕವನ್ನು. ಅವನು ತಿಂಗಳು ತಿಂಗಳು ಅಸಲು ತೀರಿಸುತ್ತಿದ್ದಾನಲ್ಲ? ಕೊನೆಯ ತಿಂಗಳು ಅವನ ಮೇಲೆ ಉಳಿದಿರುವುದು 1,000 ರೂಪಾಯಿ, ಅದಕ್ಕೂ 120 ರೂಪಾಯಿ ಬಡ್ಡಿ ಕಟ್ಟುತ್ತಾನೆ. ಸರಿಯಾಗಿ ಹಾಕಿದರೆ ಆ ಬಡ್ಡಿ ವರ್ಷಕ್ಕೆ ಶೇ. 21ನ್ನು ದಾಟುತ್ತದೆ. ಇದನ್ನು ಹೇಳಿಕೊಡಲು ಅರ್ಧ ತಾಸು ಸಾಕು. ನಮ್ಮ ಗಣಿತದ ಮಾಸ್ತರರಿಗೆ ಇದು ಗೊತ್ತಿಲ್ಲವೆಂದಲ್ಲ, ಪರೀಕ್ಷೆಗೆ ಬರುವುದಿಲ್ಲ, ಅಷ್ಟೇ. ಸೊನ್ನೆ ಬಡ್ಡಿಯ ಕಂತು ಎಂಬುದರೊಳಗೂ ಬಡ್ಡಿ ಅಡಗಿರುತ್ತದೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಸಿತ್ತು. 2024ರ ಅಕ್ಟೋಬರ್‌ನಿಂದ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಇಂಥ ಸಾಲ ಕೊಡುವ ಮುಂಚೆ, ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಒಂದು ಹಾಳೆಯ ಮೇಲೆ ಬರೆದು ಕೊಡಲೇಬೇಕು. ಆ ಹಾಳೆಯನ್ನು ಒಂಬತ್ತನೇ ತರಗತಿಯ ಕನ್ನಡ ಪಾಠವಾಗಿ ಓದಿಸಿದರೂ ತಪ್ಪಿಲ್ಲ ಎನ್ನುತ್ತೇವೆ ನಾವು.

ಹುಬ್ಬಳ್ಳಿಯ ಹುಡುಗನಿಗೆ ಇನ್ನೊಂದು ಲೆಕ್ಕ ಬೇಕು, ಅದು ಯಾವ ಪುಸ್ತಕದಲ್ಲೂ ಸಿಗದು. ‘ಮೀಟರ್ ಬಡ್ಡಿ’ ಎಂಬ ಮಾತು ಗೊತ್ತಿಲ್ಲದವರು ಈ ಊರಿನಲ್ಲಿ ಇಲ್ಲ. 10,000 ಬರೆಸಿಕೊಂಡು, ಮೊದಲ ವಾರದ 1,000 ಮುರಿದುಕೊಂಡು, ಕೈಗೆ 9,000 ಕೊಡುವುದು. ಆಮೇಲೆ ವಾರಕ್ಕೊಂದು ಸಾವಿರ. ಹತ್ತು ವಾರ ಕಟ್ಟಿದ ಮೇಲೂ ಅಸಲು ಹತ್ತು ಸಾವಿರ ಹಾಗೇ ನಿಂತಿರುತ್ತದೆ, ಆಟೋ ನಿಂತರೂ ಓಡುವ ಮೀಟರಿನ ಹಾಗೆ. ವಿಪರೀತ ಬಡ್ಡಿಯ ವಿರುದ್ಧ ಕರ್ನಾಟಕದಲ್ಲಿ 2004ರ ಕಾನೂನು ಇದೆ. ಸಣ್ಣ ಸಾಲ ವಸೂಲಿಯ ಕಿರುಕುಳ ಮಿತಿಮೀರಿದಾಗ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು, ಆಮೇಲೆ ಅದು ಕಾನೂನೇ ಆಯಿತು. ಹತ್ತು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ. ಆ ದಿನಗಳಲ್ಲಿ ಪತ್ರಿಕೆಗಳ ತುಂಬ ಮನೆ ಬಿಟ್ಟು ಹೋದ ಕುಟುಂಬಗಳ ಸುದ್ದಿ. ಬೀಗ ಬಿದ್ದ ಮನೆಯ ಮಕ್ಕಳ ಹಾಜರಿ ಪುಸ್ತಕದಲ್ಲಿ ಬಿದ್ದ ಗೈರುಹಾಜರಿಯ ಗುರುತುಗಳನ್ನು ಯಾರೂ ಎಣಿಸಿದಂತೆ ಕಾಣಲಿಲ್ಲ.

ಶಾಲೆಯನ್ನು ಇಷ್ಟು ಹಳಿದ ಮೇಲೆ ಮನೆಯ ಮಾತು ಆಡದಿದ್ದರೆ ತಪ್ಪಾದೀತು. ದೇಶಪಾಂಡೆ ನಗರದ ಮಧ್ಯಮವರ್ಗದ ಮನೆಗಳಲ್ಲಿ ಕಾರಿನ ಸಾಲ, ಮನೆಯ ಸಾಲ, ಕೋಚಿಂಗ್ ಫೀಸಿನ ಸಾಲ ಎಲ್ಲವೂ ಮಕ್ಕಳ ಬೆನ್ನ ಹಿಂದೆ ನಡೆಯುತ್ತವೆ. ಹೆಣ್ಣುಮಕ್ಕಳ ಭಿಶಿಯ ಲೆಕ್ಕವೂ ಪಿಸುಮಾತಿನಲ್ಲೇ. ಮಗುವಿಗೆ ಸಿಗುವುದು ಮಣ್ಣಿನ ಗೋಲಕ ಮತ್ತು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ. ಅದೇ ನಗರದ ಮನೆಗಳಿಗೆ ಕಸಮುಸುರೆಗೆ ಬರುವ ಹೆಣ್ಣುಮಗಳ ಮನೆಯಲ್ಲಿ ಇದಕ್ಕೆ ತಿರುಗಾಮುರುಗಾ. ಅಲ್ಲಿ ಸಂಘದ ಸಾಲದ ಪಾಸ್‌ಬುಕ್ಕು ಓದುವವಳು, ಕಂತಿನ ದಿನ ನೆನಪಿಡುವವಳು ಎಂಟನೇ ತರಗತಿಯ ಮಗಳು, ಯಾಕೆಂದರೆ ಮನೆಯಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ. 2022ರ ಮೈಕ್ರೋಫೈನಾನ್ಸ್ ನಿಯಮದಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಆ ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಸಾಲದ ಕಂತಿಗೆ ಹೋಗಬಾರದು. ಅಂದರೆ ಗ್ಯಾರೇಜಿನಲ್ಲಿ ದುಡಿಯುವ ಮದುವೆಯಾಗದ ಮಗನ ಗಳಿಕೆಯೂ ಅವ್ವನ ಸಾಲದ ಲೆಕ್ಕದೊಳಗೆ ಬರುತ್ತದೆ. ಲೆಕ್ಕಕ್ಕೆ ಬೇಕಾದವನು ಪಾಠಕ್ಕೆ ಬೇಡವಾದನೇ?

ಮುಸ್ಲಿಂ ಮನೆಗಳ ಮಾತನ್ನು ನಾವೇ ಆಡಬೇಕು. ಬಡ್ಡಿ ಹರಾಮ್ ಎಂದು ಮದರಸಾದಲ್ಲಿ ಕಲಿಸುತ್ತೇವೆ, ಕಲಿಸಲೇಬೇಕು. ಆದರೆ ಆ ಒಂದು ವಾಕ್ಯಕ್ಕೆ ಪಾಠ ನಿಲ್ಲುತ್ತದೆ. ಹುಡುಗ ಮನೆಗೆ ಬಂದರೆ ಅಮ್ಮಿಯ ಕೈಯಲ್ಲಿ ಫೈನಾನ್ಸಿನ ಕಾರ್ಡು, ಅಬ್ಬಾನ ಗಾಡಿಗೆ ಕಂತು, ಅಕ್ಕನ ಶಾದಿಗೆ ತಂದ ಕೈಗಡ. ಪಾಠಕ್ಕೂ ಮನೆಗೂ ನಡುವೆ ಸಿಕ್ಕ ಅವನು ಕಲಿಯುವುದು ಒಂದೇ: ಈ ವಿಷಯ ಮಾತಾಡಬಾರದು. ಆದರೆ ಕುರ್‌ಆನಿನಲ್ಲಿ ಎಲ್ಲಕ್ಕಿಂತ ಉದ್ದನೆಯ ವಚನ ಅಲ್-ಬಕರಾ ಅಧ್ಯಾಯದ 282ನೆಯದು. ಅದು ಇರುವುದು ಸಾಲದ ಲೆಕ್ಕ ಬರೆದಿಡುವ ಬಗ್ಗೆ. ಅವಧಿ ಗೊತ್ತುಮಾಡಬೇಕು, ಮೊತ್ತ ಸಣ್ಣದೆಂದು ಬೇಸರಿಸದೆ ಬರೆಯಬೇಕು, ಸಾಕ್ಷಿಗಳಿರಬೇಕು. ಅದಕ್ಕಿಂತ ಎರಡು ವಚನ ಹಿಂದೆ, ಸಾಲಗಾರ ಕಷ್ಟದಲ್ಲಿದ್ದರೆ ಅವಧಿ ಕೊಡಬೇಕೆಂಬ ಮಾತೂ ಇದೆ. ಬರೆಯುವ ವಿಧಾನದಲ್ಲಿ ಒಂದು ಸೂಕ್ಷ್ಮವನ್ನು ನಮ್ಮ ಉಸ್ತಾದರು ಮಕ್ಕಳಿಗೆ ಬಿಡಿಸಿ ಹೇಳಬೇಕು ಎಂದು ನಮಗನಿಸುತ್ತದೆ. ಪತ್ರದ ಒಕ್ಕಣೆಯನ್ನು ಹೇಳಿ ಬರೆಸಬೇಕಾದವನು ಸಾಲ ಪಡೆದವನು. ಕೊಟ್ಟವನಲ್ಲ. ಬಲಹೀನನ ನಾಲಗೆಗೆ ಕೊಟ್ಟ ಹಕ್ಕು ಅದು. ಓಣಿಯ ಉದ್ರಿ ಬುಕ್ಕಿನಲ್ಲಿ ನಡೆಯುವುದು ಸರಿಯಾಗಿ ತದ್ವಿರುದ್ಧ. ಬರೆಯುವವನು ಅಂಗಡಿಯವನು, ಕೂಡಿಸುವವನೂ ಅವನೇ.

ಇನ್ನೊಂದು ಸಂಗತಿಗೂ ನಾವು ಕಣ್ಣು ಮುಚ್ಚಿದ್ದೇವೆ. ನಮ್ಮ ಎಷ್ಟೋ ಹುಡುಗ ಹುಡುಗಿಯರ ಜೀವನದ ಮೊದಲ ಸಾಲ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆಯದು. ವೃತ್ತಿ ಶಿಕ್ಷಣಕ್ಕಾಗಿ, ಶೇ. 2ರ ಸೇವಾ ಶುಲ್ಕದ ಮೇಲೆ ಸಿಗುವ ನೆರವು. ಓದು ಮುಗಿದ ಮೇಲೆ ಮರಳಿಸಬೇಕಾದದ್ದು. ಮನೆಗಳಲ್ಲಿ ಅದನ್ನು ‘ಸ್ಕಾಲರ್‌ಶಿಪ್’ ಎಂದು ಕರೆಯುವುದನ್ನು ನಾವೇ ಕಿವಿಯಾರೆ ಕೇಳಿದ್ದೇವೆ. ಹದಿನೇಳರ ಹುಡುಗಿಗೆ ತಾನು ಸಾಲಗಾರಳಾಗುತ್ತಿದ್ದೇನೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಆ ಹಣ ಮರಳಿದರೆ ಅದರಿಂದ ಇನ್ನೊಬ್ಬಳು ಓದುತ್ತಾಳೆ ಎಂಬುದನ್ನೂ ಯಾರೂ ಹೇಳಲಿಲ್ಲ. ಯೋಜನೆಯ ಹೆಸರೇ ಅರಿವು!

ಸಾಲವನ್ನು ಹೀಗೆ ಬಚ್ಚಿಡುವುದು ಈ ಸೀಮೆಯ ಗುಣವೇನೂ ಅಲ್ಲ. ಹುಬ್ಬಳ್ಳಿಯಿಂದ ದೂರವಿಲ್ಲದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. 1904ರ ಸಹಕಾರಿ ಕಾಯ್ದೆಯಡಿ ದೇಶದಲ್ಲೇ ಮೊದಲ ಕೃಷಿ ಪತ್ತಿನ ಸಂಘ ಅದು. ಆಗ ಧಾರವಾಡ ಜಿಲ್ಲೆ, 1997ರಿಂದ ಗದಗ ಜಿಲ್ಲೆ. ಅವರು ಮಾಡಿದ್ದು ಇಷ್ಟೇ: ಸಾಹುಕಾರನ ಪಡಸಾಲೆಯಲ್ಲಿ ಗುಟ್ಟಾಗಿ ನಡೆಯುತ್ತಿದ್ದ ಸಾಲವನ್ನು ಊರ ನಡುವೆ ತಂದು, ಎಲ್ಲರ ಮುಂದೆ ಲೆಕ್ಕ ಬರೆದರು. ‘ಪತ್ತು’ ಎಂಬ ಮಾತನ್ನೇ ನೋಡಿ. ನಮ್ಮ ಭಾಷೆಯಲ್ಲಿ ಅದಕ್ಕೆ ಸಾಲ ಎಂಬ ಅರ್ಥವೂ ಇದೆ, ನಂಬಿಕೆ ಎಂಬ ಅರ್ಥವೂ ಇದೆ. ಮಕ್ಕಳು ಸರ್ವಜ್ಞನ ಸಾಲದ ತ್ರಿಪದಿಯನ್ನು ಬಾಯಿಪಾಠ ಮಾಡುತ್ತಾರೆ, ಮಾಡಲಿ, ಹತ್ತು ಪುಟದ ಪಾಠಕ್ಕಿಂತ ಆ ಮೂರು ಸಾಲು ಮೇಲು. ಆದರೆ ಅದು ಸಾಲಗಾರನ ಸುಖ-ಸಂಕಟವನ್ನಷ್ಟೇ ಹೇಳುತ್ತದೆ. ಕಣಗಿನಹಾಳದ ಪಾಠ ಅದರ ಮುಂದಿನದು, ಮತ್ತು ಇಲ್ಲಿಂದ ಬಸ್ಸಿನ ದಾರಿ. ಮಕ್ಕಳ ಪ್ರವಾಸಕ್ಕೆ ಅದು ಯಾಕೆ ಆಗಬಾರದು?

ಮಕ್ಕಳ ಸಂತೆಯಲ್ಲಿ ಮುಂದಿನ ವರ್ಷ ಒಂದು ಉದ್ರಿ ಬುಕ್ಕು ಇಡಿ ಎಂದು ನಾವು ಆ ಅಕ್ಕೋರಿಗೆ ಹೇಳಿ ಬಂದೆವು. ಎರಡು ಬುಕ್ಕು. ಒಂದು ಮಾರುವವಳ ಹತ್ತಿರ, ಒಂದು ಕೊಳ್ಳುವವನ ಹತ್ತಿರ. ಮರುದಿನ ಎರಡನ್ನೂ ತಾಳೆ ನೋಡಲಿ. ಯಾರು ತಂದುಕೊಟ್ಟರು, ಯಾರು ಮರೆತರು, ಮರೆತವನನ್ನು ಹೇಗೆ ಕೇಳಬೇಕು, ಕೊಡಲಾಗದವನಿಗೆ ಎಷ್ಟು ದಿನ ಬಿಡಬೇಕು, ಎಲ್ಲವೂ ಅಲ್ಲೇ ಚರ್ಚೆಯಾಗಲಿ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. “ಪಾಲಕರು ಜಗಳಾಕ್ಕ ಬರ್ತಾರ್ರಿ” ಎಂದರು. ಅದೂ ನಿಜವಿದ್ದೀತು.

ಹೊರಡುವಾಗ ಮೆಂತ್ಯ ಮಾರಿದ ಹುಡುಗಿ ಗೋಣಿತಾಟು ಮಡಿಸುತ್ತಿದ್ದಳು. ಓಣಿಯ ಅಂಗಡಿಯಲ್ಲಿ ನಿಮ್ಮ ಮನೆಯ ಉದ್ರಿ ಬುಕ್ಕು ಇದೆಯೇನು ಎಂದು ಕೇಳಿದೆವು.

“ಐತ್ರಿ. ನಾನ ಒಯ್ಯೂದು.”

ಎಷ್ಟಾಗಿದೆ ಗೊತ್ತೇನು?

“ಎರಡ ಸಾವಿರದ ಮುನ್ನೂರಾ ನಲವತ್ತು. ಅದರಾಗ ಅರವತ್ತು ನಮ್ದಲ್ರಿ, ಅವರು ತಪ್ಪಿ ಬರದಾರ.”

ಹೇಳಲಿಲ್ಲವೇನು?

“ಅವ್ವ ಬ್ಯಾಡ ಅಂದಾಳ್ರಿ. ಮತ್ತ ಉದ್ರಿ ಕೊಡೂದಿಲ್ಲಂತ.”